ಡಬ್ಬಿ ಕೂಗಿದ ಮೇಲೂ ರೊಕ್ಕ ನಮ್ಮದಲ್ಲವಂತೆ!

ಮೊನ್ನೆ ಮೋಮಿನಪುರದಲ್ಲಿ ನಮ್ಮ ಪರಿಚಯದ ಚಾಚಾ ಒಬ್ಬರ ಅಂಗಡಿಗೆ ಹೋಗಿದ್ದೆ. ಟೋಪಿ, ಅತ್ತರು ಮಾರುವ ಪುಟ್ಟ ಅಂಗಡಿ. ನೋಡ್ತೀನಿ, ಕ್ಯೂಆರ್ ಕೋಡಿನ ಮೇಲೆ ಹಳೇ ಕ್ಯಾಲೆಂಡರ್ ಹಾಳೆ ಅಂಟಿಸಿಬಿಟ್ಟಿದ್ದಾರೆ! ಯಾಕೆ ಅಂತ ಕೇಳಿದ್ದಕ್ಕೆ, "ರೊಕ್ಕ ಇದ್ರ ಕೊಡು ತಮ್ಮಾ, ಇಲ್ಲಾಂದ್ರ ನಾಳಿ ಕೊಡು. ಫೋನಿನಾಗ ಮಾತ್ರ ಹಾಕಬ್ಯಾಡ" ಅಂದರು.

ಆದದ್ದಿಷ್ಟು. ಬಂದೇನವಾಜ್ ಉರುಸಿಗೆ ತೆಲಂಗಾಣ, ಮಹಾರಾಷ್ಟ್ರದ ಕಡೆಯಿಂದೆಲ್ಲ ಜನ ಬರ್ತಾರಲ್ಲ, ಅವರಲ್ಲೊಬ್ಬ 640 ರೂಪಾಯಿಯ ಅತ್ತರು ಕೊಂಡು ಸ್ಕ್ಯಾನ್ ಮಾಡಿದ್ದ. ಡಬ್ಬಿ "ಬಂತು" ಅಂತ ಕೂಗಿತ್ತು. ತಿಂಗಳೊಪ್ಪತ್ತಿನ ಮೇಲೆ ಚಾಚಾನ ಇಡೀ ಖಾತೆಯೇ ಬಂದ್! ಆ 640 ಯಾರಿಗೋ ಮೋಸ ಮಾಡಿ ದೋಚಿದ ಹಣದ ಪಾಲಂತೆ. ಬ್ಯಾಂಕಿಗೆ ಹೋದರೆ, "ಬೇರೆ ರಾಜ್ಯದ ಪೊಲೀಸರ ಆದೇಶ, ಅವರನ್ನೇ ಕೇಳ್ರಿ" ಎಂಬ ಉತ್ತರ. ಅತ್ತರು ಮಾರುವವರು ಅಂಗಡಿ ಮುಚ್ಚಿ ಬೇರೆ ರಾಜ್ಯದ ಠಾಣೆಗೆ ಅಲೆಯಬೇಕೇನ್ರಿ?

ಮೋಸ ಹೋದವರು 1930ಕ್ಕೆ ಫೋನ್ ಮಾಡಿದರೆ ಹಣ ಯಾವ ಖಾತೆಯಿಂದ ಯಾವ ಖಾತೆಗೆ ಹೋಯ್ತು ಅಂತ ಬೆನ್ನು ಹತ್ತಿ ತಡೆಯುತ್ತಾರೆ. ತಡೆಯಲೇಬೇಕು, ನನ್ನ ತಕರಾರು ಅದಲ್ಲ. 640ಕ್ಕೆ 640 ತಡೆಯಿರಿ. ಮಾಲಿಗೆ ಕೂಡಿಟ್ಟ ರೊಕ್ಕ, ಮನೆ ಖರ್ಚಿನ ರೊಕ್ಕ ಎಲ್ಲಾ ಯಾಕೆ? ಪೊಲೀಸರು ತಿಳಿಸಿದ ಮೊತ್ತಕ್ಕಷ್ಟೇ ತಡೆ ಇರಲಿ ಅಂತ ಕೇರಳ ಹೈಕೋರ್ಟು 2023ರಲ್ಲೇ ಹೇಳಿದೆ. ನಮ್ಮಲ್ಲಿ ಯಾರಿಗೆ ಕೇಳಿಸಿದೆಯೋ ನಾಕಾಣೆ.

ಕಾರ್ಡ್ ಇಟ್ಟುಕೊಂಡವರಿಗೆ ಎಷ್ಟು ಬೇಲಿ ನೋಡಿ. ಆನ್‌ಲೈನ್ ಖರೀದಿಗೆ 2009ರಿಂದ ಎರಡನೇ ಪರೀಕ್ಷೆ, ಆಮೇಲೆ ಡೆಬಿಟ್ ಕಾರ್ಡಿಗೆ ಪಿನ್, ಚಿಪ್ಪು. 2022ರ ಅಕ್ಟೋಬರಿನಿಂದ ವ್ಯಾಪಾರಿಗಳು ಕಾರ್ಡ್ ನಂಬರನ್ನೇ ಇಟ್ಟುಕೊಳ್ಳುವಂತಿಲ್ಲ. ಬ್ಯಾಂಕಿನದೂ ಗ್ರಾಹಕನದೂ ತಪ್ಪಿಲ್ಲದೆ ಹಣ ಹೋದರೆ, ಮೂರು ಕೆಲಸದ ದಿನದೊಳಗೆ ತಿಳಿಸಿದವನಿಗೆ ನಷ್ಟವಿಲ್ಲ ಅಂತ ರಿಸರ್ವ್ ಬ್ಯಾಂಕ್ 2017ರಲ್ಲೇ ಹೇಳಿತು. ಒಳ್ಳೇದೇ. ಆದರೆ ಗಲ್ಲಾದ ಈ ಕಡೆ ಕೂತವನಿಗೆ?

ಅವನಿಗೆ ಸಿಗೋದು ಬರೀ ಉಪದೇಶ. ಸ್ಕ್ರೀನ್‌ಶಾಟ್ ನಂಬಬೇಡಿ, ಡಬ್ಬಿ ಕೂಗೋವರೆಗೂ ಮಾಲು ಕೊಡಬೇಡಿ, ನಿಮ್ಮ ಕೋಡಿನ ಮೇಲೆ ಯಾರಾದರೂ ತಮ್ಮ ಕೋಡು ಅಂಟಿಸಿದ್ದಾರಾ ಅಂತ ದಿನಾ ನೋಡಿ... ಚಾಚಾ ಇದೆಲ್ಲ ಮಾಡ್ತಿದ್ದರು! ಆದರೆ ಗಿರಾಕಿಯ ರೊಕ್ಕ ಎಲ್ಲಿಂದ ಬಂತು ಅನ್ನೋದು ಯಾವ ಡಬ್ಬಿಗೆ ಗೊತ್ತಾಗುತ್ತೆ ಸ್ವಾಮಿ? ಕಳ್ಳ ಬಂದು ಕದ್ದ ನೋಟು ಕೊಟ್ಟು ಚಹಾ ಕುಡಿದರೆ ಹೋಟೆಲಿಗೇ ಬೀಗ ಹಾಕ್ತಾರಾ?

2020ರ ಜನವರಿಯಿಂದ ಯುಪಿಐಗೆ ವ್ಯಾಪಾರಿ ಕಮಿಷನ್ ಕೊಡಬೇಕಿಲ್ಲ, ಪುಕ್ಕಟೆ ಅಂತ ಎಲ್ಲರನ್ನೂ ಇದಕ್ಕೆ ಎಳೆದಿದ್ದಾಯ್ತು. 2025ರ ಜುಲೈನಲ್ಲಿ ಅದೇ ಲೆಕ್ಕ ಹಿಡಿದು ತೆರಿಗೆ ನೋಟಿಸು ಬಂದಾಗ ಬೆಂಗಳೂರಿನ ಅಂಗಡಿಗಳು "ಯುಪಿಐ ಇಲ್ಲ" ಅಂತ ಬೋರ್ಡು ಹಾಕಿದವು. ಆಗ ನಾನೂ ನಕ್ಕಿದ್ದೆ, ತೆರಿಗೆ ಕಳ್ಳರು ಅಂತ. ಈಗ ನಗು ಬರ್ತಿಲ್ಲ.

ಚಾಚಾ ಮೂರು ಸಲ ಬ್ಯಾಂಕಿಗೆ ಹೋಗಿ ಬಂದಿದ್ದಾರೆ. ಮುಂದಿನ ಸೋಮವಾರ ನಾನೂ ಹೋಗ್ತೀನಿ. ಅರ್ಜಿ ಬರೆದಿದ್ದೇವೆ, ಆ ಕೋರ್ಟಿನ ಆದೇಶದ ಪ್ರತಿಯನ್ನೂ ಇಡ್ತೀವಿ. ಅವತ್ತು ನನ್ನ ಜೇಬಿನಲ್ಲಿದ್ದದ್ದು ಮೂವತ್ತು ರೂಪಾಯಿ. ಅತ್ತರಿಗೆ ಎಟಿಎಂ ಹುಡುಕಿಕೊಂಡು ಹೋಗಬೇಕಾಯ್ತು.