ಸೊಪ್ಪಿಗೆ ಶಕ್ತಿಯಿದ್ದರೆ ಅಳತೆಗೆ ಅಂಜಿಕೆ ಏಕೆ?

ಚರ್ಮದ ಉರಿಯೂತಕ್ಕೆಂದು ಸೊಪ್ಪಿನ ಸಾರವನ್ನು ಮಾರುವವರು ಮೊದಲು ಅದನ್ನು ರೋಗಿಗಳ ಮೇಲೆ ಕ್ರಮಬದ್ಧವಾಗಿ ಪರೀಕ್ಷಿಸಿ ತೋರಿಸಬೇಕು ಎಂದರೆ ಮೂಲಿಕೆಪರ ಮಿತ್ರರು ಕೆರಳುತ್ತಾರೆ. ಹಾಗೆ ಕೇಳುವವನು ನಾಟಿ ವೈದ್ಯದ ವೈರಿ ಎಂಬ ಹಣೆಪಟ್ಟಿ ತಕ್ಷಣ ಬೀಳುತ್ತದೆ. ಅವರ ವಾದಗಳನ್ನು ಒಂದೊಂದಾಗಿ ಎದುರಿಗಿಡುತ್ತೇನೆ. ತೀರ್ಪು ಓದುಗರದು.

ಅವರು ಎಲ್ಲಕ್ಕಿಂತ ಹೆಚ್ಚು ನೆಚ್ಚಿಕೊಂಡ ಮಾತು: ಸೊಪ್ಪು ನಿಸರ್ಗದತ್ತ, ಆದ್ದರಿಂದ ಅಡ್ಡಪರಿಣಾಮವಿಲ್ಲ. ಹೊಲದ ಬದುವಿನ ಕಾಂಗ್ರೆಸ್ ಹುಲ್ಲು ಯಾವ ಕಾರ್ಖಾನೆಯಲ್ಲಿ ತಯಾರಾಯಿತು? ಅದು ತಾಗಿ ಮುಖ, ಕುತ್ತಿಗೆ, ಮೊಣಕೈ ಮಡಿಕೆಗಳ ಚರ್ಮ ದಪ್ಪಗಟ್ಟಿ, ವರ್ಷಗಟ್ಟಲೆ ತುರಿಸಿಕೊಳ್ಳುವ ರೈತರು ನಮ್ಮ ಜಿಲ್ಲಾ ಆಸ್ಪತ್ರೆಗಳಿಗೆ ಇವತ್ತಿಗೂ ಬರುತ್ತಾರೆ. ಎಕ್ಕದ ಹಾಲು ಕಣ್ಣಿಗೆ ಸಿಡಿದರೆ ಏನಾಗುತ್ತದೆಂದು ಹಳ್ಳಿಯ ಮಗುವಿಗೂ ಗೊತ್ತು. ಮಡಿವಾಳರು ಬಟ್ಟೆಗೆ ಗುರುತು ಹಾಕುತ್ತಿದ್ದ ಕರಿಗೇರಿನ ರಸ ಮೈಗೆ ತಗುಲಿದರೆ ಬೊಬ್ಬೆ ಏಳುತ್ತದೆ. ಆಯುರ್ವೇದ ಇದನ್ನು ಮುಚ್ಚಿಡಲಿಲ್ಲ. ಭಲ್ಲಾತಕವೆಂದು ತಾನು ಕರೆಯುವ ಈ ಕರಿಗೇರನ್ನು ಇಟ್ಟಿಗೆ ಪುಡಿಯಲ್ಲಿ ತಿಕ್ಕಿ ಶೋಧನೆ ಮಾಡಿದ ಮೇಲೇ ಔಷಧಕ್ಕೆ ಬಳಸಬೇಕೆಂದಿತು. ನಿಸರ್ಗದ್ದೆಲ್ಲ ನಿರಪಾಯ ಎಂದು ನಂಬಿದ ಪರಂಪರೆಗೆ ಶೋಧನೆಯ ಅಗತ್ಯ ಏಕೆ ಬಂತು? ಶಾಸ್ತ್ರದ ಹೆಸರು ಹೇಳುವವರೇ ಶಾಸ್ತ್ರದ ಎಚ್ಚರಿಕೆಯನ್ನು ಕೈಬಿಟ್ಟಿದ್ದಾರೆ.

ಸಾವಿರಾರು ವರ್ಷಗಳ ಬಳಕೆಯೇ ಪುರಾವೆ ಎಂಬುದು ಇನ್ನೊಂದು ವಾದ. ಇದರಲ್ಲಿ ಅರ್ಧ ಸತ್ಯವಿದೆ, ಆ ಅರ್ಧವನ್ನು ಗೌರವದಿಂದಲೇ ಒಪ್ಪುತ್ತೇನೆ. ಚನ್ನಪಟ್ಟಣದ ಬೊಂಬೆಗಳನ್ನು ಕಡೆಯುವ ಹಾಲೆ ಮರವನ್ನೇ ನೋಡಿ. ಅದರ ಎಲೆಗಳನ್ನು ಕೊಬ್ಬರಿ ಎಣ್ಣೆಯಲ್ಲಿ ನೆನೆಹಾಕಿ ಬಿಸಿಲಿಗಿಟ್ಟು, ಎಣ್ಣೆ ನೇರಳೆಗೆ ತಿರುಗಿದ ಮೇಲೆ ಸೋರಿಯಾಸಿಸ್‌ಗೆ ಹಚ್ಚುವುದು ಸಿದ್ಧ ವೈದ್ಯರ ಪದ್ಧತಿ. ಆ ಎಲೆಯಲ್ಲಿ ನೀಲಿಯ ಬಳಗದ ಇಂಡಿರೂಬಿನ್ ಇದೆ. ತೈವಾನಿನ ವೈದ್ಯರು ಬೇರೆ ಗಿಡಗಳ ಸೊಪ್ಪಿನಿಂದ ತೆಗೆದ ನೀಲಿಯ ಮುಲಾಮನ್ನು ಸೋರಿಯಾಸಿಸ್ ರೋಗಿಗಳ ಮೇಲೆ ಪರೀಕ್ಷಿಸಿ 2008ರಲ್ಲಿ ಫಲಿತಾಂಶ ಪ್ರಕಟಿಸಿದರು. ಒಬ್ಬನೇ ರೋಗಿಯ ಒಂದು ಕಡೆಗೆ ನೀಲಿಯ ಮುಲಾಮು, ಇನ್ನೊಂದು ಕಡೆಗೆ ನೀಲಿಯಿಲ್ಲದ ಬರೀ ಮುಲಾಮು. ನೀಲಿ ಹಚ್ಚಿದ ಕಡೆ ಸ್ಪಷ್ಟವಾಗಿ ಗುಣ ಕಂಡಿತು. ಎಲ್ಲಿ ಹುಡುಕಬೇಕೆಂದು ಪರಂಪರೆ ಬೆರಳು ತೋರಿಸಿತು, ಪರೀಕ್ಷೆ ಹುಡುಕಿ ಕೊಟ್ಟಿತು. ಪರೀಕ್ಷೆ ಏಕೆ ಬೇಕೆಂದರೆ, ಇಸಬು ಮತ್ತು ಸೋರಿಯಾಸಿಸ್ ತಾವಾಗಿಯೇ ಏರಿಳಿಯುವ ರೋಗಗಳು. ತೀರಾ ಉಲ್ಬಣಿಸಿದಾಗ ಜನ ಔಷಧ ಹಚ್ಚುತ್ತಾರೆ, ಆಮೇಲೆ ಇಳಿಯುವ ಸರದಿ ಹೇಗೂ ಬರುತ್ತದೆ. ಆ ಇಳಿತದ ಶ್ರೇಯಸ್ಸನ್ನು ಕೈಯಲ್ಲಿದ್ದ ಸೊಪ್ಪಿಗೆ ಕೊಡುವುದು ಸುಲಭ.

ಇದೇ ನೀಲಿಯ ಕಥೆಗೆ ಇನ್ನೊಂದು ಭಾಗವಿದೆ. ಅದನ್ನು ಎದುರಾಳಿಗಳು ಹೇಳುವುದಿಲ್ಲ. ಜಪಾನಿನಲ್ಲಿ ಕರುಳಿನ ಹುಣ್ಣಿಗೆಂದು ನೀಲಿಯನ್ನು ತಾವೇ ಕೊಂಡು ನುಂಗುತ್ತಿದ್ದ ಕೆಲವರಲ್ಲಿ ಶ್ವಾಸಕೋಶದ ರಕ್ತನಾಳಗಳ ಒತ್ತಡ ಅಪಾಯಕಾರಿಯಾಗಿ ಏರಿತು. 2016ರಲ್ಲಿ ಅಲ್ಲಿನ ಆರೋಗ್ಯ ಸಚಿವಾಲಯ ಎಚ್ಚರಿಕೆ ಹೊರಡಿಸಬೇಕಾಯಿತು. ಚರ್ಮದ ಉರಿಯೂತ ಇಳಿಸುವಷ್ಟು ಪ್ರಬಲವಾದ ವಸ್ತು ದೇಹದ ಬೇರೆಡೆ ಏನೂ ಮಾಡದೆ ಸುಮ್ಮನಿರಬೇಕೆಂಬ ನಿಯಮವಿಲ್ಲ. ನಮ್ಮ ಮಿತ್ರರು ಒಂದೇ ಉಸಿರಿನಲ್ಲಿ ಸೊಪ್ಪು ಬಹಳ ಪರಿಣಾಮಕಾರಿ ಎನ್ನುತ್ತಾರೆ, ಎಷ್ಟು ಬಳಸಿದರೂ ತೊಂದರೆಯಿಲ್ಲ ಎಂದೂ ಅನ್ನುತ್ತಾರೆ. ಎರಡನ್ನೂ ಒಟ್ಟಿಗೆ ಹೇಳುವ ಹಕ್ಕು ಅವರಿಗೆ ಬಂದದ್ದೆಲ್ಲಿಂದ?

ಪ್ರಯೋಗಾಲಯದಲ್ಲಿ ಸಾಬೀತಾಗಿದೆ ಎಂದು ಕೆಲವರು ಕಾಗದ ಬೀಸುತ್ತಾರೆ. ತೆರೆದು ನೋಡಿದರೆ ಬಹುತೇಕ ಇಲಿಯ ಪಾದದ ಪರೀಕ್ಷೆ. ಕ್ಯಾರಗೀನನ್ ಚುಚ್ಚಿ ಪಾದ ಊದಿಸಿ, ಸಾರ ಕುಡಿಸಿ, ಊತ ಎಷ್ಟು ಇಳಿಯಿತೆಂದು ಕೆಲವು ಗಂಟೆಗಳ ಕಾಲ ಅಳೆಯುವ ಈ ವಿಧಾನ 1962ರಿಂದ ಬಳಕೆಯಲ್ಲಿದೆ. ಒಳ್ಳೆಯ ಆರಂಭ, ಸಂದೇಹವಿಲ್ಲ. ಆದರೆ ಇಲಿಗೆ ಕುಡಿಸಿದ ಸಾರ, ಮನುಷ್ಯನಿಗೆ ಹಚ್ಚುವ ಮುಲಾಮು. ಕೆಲವು ಗಂಟೆಗಳ ಊತ, ವರ್ಷಗಳ ಇಸಬು. ಮೆಥನಾಲಿನಲ್ಲಿ ತೆಗೆದ ಸಾರ, ಮನೆಯಲ್ಲಿ ನೀರು ಹಾಕಿ ಅರೆದ ಸೊಪ್ಪು. ಇವುಗಳ ನಡುವಿನ ಅಂತರವನ್ನು ಜಾಹೀರಾತು ಒಂದೇ ನೆಗೆತಕ್ಕೆ ದಾಟುತ್ತದೆ.

ಹಾಗಾದರೆ ಸ್ಟೀರಾಯ್ಡ್ ಕ್ರೀಮುಗಳು ಒಳ್ಳೆಯವೇ ಎಂದು ಮರುಪ್ರಶ್ನೆ ಹಾಕುತ್ತಾರೆ. ಅಂಗಡಿಯಲ್ಲಿ ಚೀಟಿಯಿಲ್ಲದೆ ಕೊಂಡ ಸ್ಟೀರಾಯ್ಡ್ ಮಿಶ್ರಣದಿಂದ ಚರ್ಮ ತೆಳುವಾಗಿ, ಹುಳುಕಡ್ಡಿ ಮೈತುಂಬ ಹಬ್ಬಿದ ಅನಾಹುತ ನಿಜ. 2018ರಲ್ಲಿ ಕೇಂದ್ರ ಸರ್ಕಾರ ಇಂಥ ಹಲವು ಕ್ರೀಮುಗಳನ್ನು ವೈದ್ಯರ ಚೀಟಿಯ ಕಟ್ಟಿಗೆ ತಂದದ್ದು ಸರಿಯಾಗಿಯೇ ಇದೆ. ಆದರೆ ಒಂದು ಕ್ರೀಮಿನ ದೋಷ ಇನ್ನೊಂದರ ಗುಣಕ್ಕೆ ಸಾಕ್ಷಿಯಲ್ಲ. ಇನ್ನು ಮೂಲಿಕೆಯ ಹೆಸರಿನಲ್ಲಿ ಬರುವುದೆಲ್ಲ ಮೂಲಿಕೆಯೇ? ಲಂಡನ್ನಿನಲ್ಲಿ ಚರ್ಮರೋಗಕ್ಕೆ ಕೊಡುತ್ತಿದ್ದ 11 ಚೀನೀ ಮೂಲಿಕೆ ಕ್ರೀಮುಗಳನ್ನು ವಿಶ್ಲೇಷಿಸಿದಾಗ 8ರಲ್ಲಿ ಡೆಕ್ಸಾಮೆಥಾಸೋನ್ ಎಂಬ ಸ್ಟೀರಾಯ್ಡ್ ಸಿಕ್ಕಿತು. 1999ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ ಇದನ್ನು ಪ್ರಕಟಿಸಿತು. ಸ್ಟೀರಾಯ್ಡ್‌ಗೆ ಹೆದರಿ ಓಡಿದ ತಾಯಿ ಸ್ಟೀರಾಯ್ಡನ್ನೇ ಮಗುವಿಗೆ ಬಳಿಯುವಂತಾದರೆ ಆ ಮೋಸಕ್ಕೆ ಹೊಣೆ ಯಾರು? ಅದನ್ನು ಹಿಡಿದದ್ದು ಅವರು ಬೇಡವೆನ್ನುವ ಅದೇ ಪರೀಕ್ಷೆ.

ಪರೀಕ್ಷಿಸಿ ದಾಖಲಿಸಿದರೆ ವಿದೇಶಿ ಕಂಪನಿಗಳು ನಮ್ಮ ಜ್ಞಾನವನ್ನು ಕದಿಯುತ್ತವೆ ಎಂಬ ಆತಂಕವೂ ಇದೆ. ನಡೆದದ್ದು ತಿರುಗುಮುರುಗು. ಅರಿಶಿನ ಗಾಯ ಮಾಯಿಸುತ್ತದೆಂದು 1995ರಲ್ಲಿ ಅಮೆರಿಕದಲ್ಲಿ ಕೊಟ್ಟ ಪೇಟೆಂಟು 1997ರಲ್ಲಿ ರದ್ದಾದದ್ದು, ಸಿಎಸ್‌ಐಆರ್ ಹಳೆಯ ಗ್ರಂಥಗಳನ್ನೂ 1953ರ ಒಂದು ವೈದ್ಯಕೀಯ ಲೇಖನವನ್ನೂ ಮುಂದಿಟ್ಟದ್ದರಿಂದ. ಬರೆದಿಟ್ಟದ್ದೇ ನಮ್ಮನ್ನು ಕಾಪಾಡಿತು.

ಕೊನೆಗೆ ಉಳಿಯುವುದು ಹಣದ ನೆಪ: ಬಡ ನಾಟಿ ವೈದ್ಯರು ಕೋಟಿಗಟ್ಟಲೆ ಖರ್ಚಿನ ಪರೀಕ್ಷೆ ಮಾಡಿಸುವುದು ಹೇಗೆ? ಬಡ ವೈದ್ಯರಿಂದ ನಾನು ಅದನ್ನು ಕೇಳಿಲ್ಲ. ದೊಡ್ಡ ಜಾಹೀರಾತು ಕೊಟ್ಟು ಮುಲಾಮು ಮಾರುವವರಿಂದ, ಸರ್ಕಾರಿ ಆಯುರ್ವೇದ ಕಾಲೇಜುಗಳಿಂದ ಕೇಳುತ್ತಿದ್ದೇನೆ. ತೈವಾನಿನ ದಾರಿ ಅವರಿಗೂ ತೆರೆದಿದೆ. ರೋಗಿಯ ಒಂದು ಮೊಣಕೈಗೆ ಹಾಲೆ ಸೊಪ್ಪಿನ ಎಣ್ಣೆ, ಇನ್ನೊಂದಕ್ಕೆ ಅದೇ ಬಣ್ಣ ಬೆರೆಸಿದ ಬರೀ ಕೊಬ್ಬರಿ ಎಣ್ಣೆ. ಯಾವುದು ಯಾವ ಕಡೆಯದೆಂದು ತಿಳಿಯದ ವೈದ್ಯರೊಬ್ಬರು ವಾರವಾರ ಕೆಂಪು, ದಪ್ಪ, ಹೊಪ್ಪಳೆ ನೋಡಿ ಅಂಕ ಹಾಕಲಿ. ಫಲಿತಾಂಶ ಏನೇ ಬಂದರೂ ಪ್ರಕಟಿಸಲಿ.