ಯಂತ್ರದ ನೆನಪು, ವೈದ್ಯರ ಮಾತು

ಜ್ವರ ಬಂದರೆ ಮೈ ಸುಡುತ್ತದೆ, ಗಾಯವಾದರೆ ನೋಯುತ್ತದೆ. ಆದರೆ ಜನರು ‘ಬಿ.ಪಿ.’ ಎಂದು ಕರೆಯುವ ಅಧಿಕ ರಕ್ತದೊತ್ತಡವು ಬಹುಕಾಲ ಯಾವ ಸುಳಿವನ್ನೂ ಕೊಡದೆ ಹೃದಯ, ಮೆದುಳು, ಮೂತ್ರಪಿಂಡಗಳಿಗೆ ಹಾನಿಯನ್ನುಂಟುಮಾಡುತ್ತದೆ. ಬೇರೆ ಬೇರೆ ದಿನ ಅಳೆದಾಗಲೂ ಒತ್ತಡವು 140/90ನ್ನು ಮುಟ್ಟಿದರೆ ಅಥವಾ ಮೀರಿದರೆ ವೈದ್ಯರು ಸಾಮಾನ್ಯವಾಗಿ ಅದನ್ನು ರೋಗವೆಂದು ಪರಿಗಣಿಸುತ್ತಾರೆ. ಇದನ್ನು ತಗ್ಗಿಸುವ ಅಗ್ಗದ ಮಾತ್ರೆಗಳಿವೆ. ಹಾಗಿದ್ದರೂ ಅನೇಕರಲ್ಲಿ ಇದು ಹತೋಟಿಗೆ ಬಾರದಿರಲು ಕಾರಣವೇನು?

ಮಾತ್ರೆಯನ್ನು ಬರೆದುಕೊಡುವುದು ಒಂದು ಕ್ಷಣದ ಕೆಲಸ. ತಪ್ಪದೆ ಸೇವಿಸುವುದು ಅನೇಕರಿಗೆ ಜೀವಮಾನದ ಕೆಲಸ. ಮೈಸೂರು ಜಿಲ್ಲೆಯ ಪಶ್ಚಿಮದ ತಾಲ್ಲೂಕುಗಳನ್ನೇ ನೋಡಿ. ಹುಣಸೂರು, ಪಿರಿಯಾಪಟ್ಟಣಗಳಲ್ಲಿ ಹೊಗೆಸೊಪ್ಪನ್ನು ಹದಮಾಡುವ ಕಾಲದಲ್ಲಿ ರೈತನು ಬ್ಯಾರನ್ನಿನ ಬೆಂಕಿಯನ್ನು ಹಗಲಿರುಳು ಕಾಯಬೇಕು. ಕೃಷ್ಣರಾಜನಗರದಲ್ಲಿ ನಾಟಿಗೆ ನಿಂತವರು ಗದ್ದೆಯನ್ನು ಬಿಟ್ಟು ಬರಲಾರರು. ಹೆಗ್ಗಡದೇವನಕೋಟೆಯ ಕಾಡಂಚಿನ ಹಾಡಿಯವರಿಗೆ ಆಸ್ಪತ್ರೆಗೆ ಬರುವುದೆಂದರೆ ಒಂದು ದಿನದ ಕೂಲಿ ಹೋಯಿತೆಂದೇ ಅರ್ಥ. ನೋವಿಲ್ಲದ ರೋಗಕ್ಕಾಗಿ ಕೂಲಿ ಬಿಡುವವರಾರು? ಮಾತ್ರೆ ಮುಗಿಯುತ್ತದೆ, ರೋಗಿ ಮರಳುವುದಿಲ್ಲ. ನೂರಾರು ಹೆಸರುಗಳಿರುವ ದಾಖಲೆ ಪುಸ್ತಕದಲ್ಲಿ ಬಾರದವರನ್ನು ಹುಡುಕಲು ಯಾರಿಗೂ ಬಿಡುವಿಲ್ಲ.

ಡಿಜಿಟಲ್ ಉಪಕರಣದ ನಿಜವಾದ ಪ್ರಯೋಜನವಿರುವುದು ಇಲ್ಲಿಯೇ. 2017ರಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ, ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ವಿಶ್ವ ಆರೋಗ್ಯ ಸಂಸ್ಥೆ ಮೊದಲಾದವು ಕೂಡಿ, ಮೊದಲು ಐದು ರಾಜ್ಯಗಳಲ್ಲಿ, ರಕ್ತದೊತ್ತಡ ನಿಯಂತ್ರಣದ ಕಾರ್ಯಕ್ರಮವೊಂದನ್ನು ಆರಂಭಿಸಿದವು. ಅದರಲ್ಲಿ ‘ಸಿಂಪಲ್’ ಎಂಬ ಮೊಬೈಲ್ ತಂತ್ರಾಂಶವು ಬಳಕೆಗೆ ಬಂದಿತು. ರೋಗಿಯ ಚೀಟಿಯಲ್ಲಿರುವ ಗುರುತನ್ನು ದಾದಿಯು ಮೊಬೈಲಿಗೆ ಹಿಡಿದೊಡನೆ ಹಿಂದಿನ ಅಳತೆಗಳೂ ಮಾತ್ರೆಗಳ ವಿವರವೂ ಕಾಣುತ್ತವೆ. ಅದಕ್ಕಿಂತ ಮಿಗಿಲಾಗಿ, ಗೊತ್ತಾದ ದಿನ ಬಾರದವರ ಪಟ್ಟಿ ದೊರೆಯುತ್ತದೆ. ಅವರಿಗೆ ದೂರವಾಣಿ ಮಾಡಿ ಕರೆಯಬಹುದು.

ಇದಕ್ಕೆ ಆಕ್ಷೇಪಗಳೂ ಉಂಟು. ಕಾಡಂಚಿನಲ್ಲಿ ಮೊಬೈಲ್ ಸಂಪರ್ಕ ಎಲ್ಲೆಡೆ ಸಿಗುವುದಿಲ್ಲ. ವೈದ್ಯರು ತೆರೆಯನ್ನೇ ನೋಡುತ್ತ ಕುಳಿತರೆ ಎದುರಿಗಿರುವ ಮನುಷ್ಯನು ಮರೆಯಾಗುತ್ತಾನೆ. ಅವಸರದಿಂದ ನಡೆದುಬಂದವನನ್ನು ಐದು ನಿಮಿಷವೂ ಕುಳ್ಳಿರಿಸದೆ ಅಳೆದರೆ ಅಂಕಿಯೇ ತಪ್ಪಾಗಬಹುದು. ತಪ್ಪು ಅಂಕಿಯನ್ನೂ ಯಂತ್ರವು ಅಷ್ಟೇ ನಿಷ್ಠೆಯಿಂದ ನೆನಪಿಡುತ್ತದೆ. ಈ ಮಾತುಗಳೆಲ್ಲ ನಿಜ. ಆದರೆ ಇವು ಯಂತ್ರವನ್ನು ದೂರವಿಡಲು ಕಾರಣಗಳಲ್ಲ, ಎಚ್ಚರಿಕೆಯಿಂದ ಬಳಸಲು ಕಾರಣಗಳು.

ಯಾರು ಬರಲಿಲ್ಲವೆಂಬುದನ್ನು ಯಂತ್ರವು ತಿಳಿಸಬಲ್ಲದು. ಏಕೆ ಬರಲಿಲ್ಲವೆಂದು ಕೇಳಬೇಕಾದವರು ವೈದ್ಯರು. “ಯಾಕಮ್ಮ, ಮಾತ್ರೆ ನಿಲ್ಲಿಸಿದಿರಿ?” ಎಂದು ಗದರದೆ ಕೇಳಿದಾಗ ಬಸ್ಸಿನ ತೊಂದರೆ, ಕೂಲಿಯ ಚಿಂತೆ, ಊಟದ ಉಪ್ಪು ಎಲ್ಲವೂ ಹೊರಬರುತ್ತವೆ. ಆದ್ದರಿಂದ ಎಷ್ಟು ಅಂಕಿಗಳನ್ನು ತುಂಬಿದೆವೆಂಬುದು ಈ ಉಪಕರಣದ ಬೆಲೆಯನ್ನು ನಿರ್ಣಯಿಸಲಾರದು. ತಪ್ಪಿಹೋದವರಲ್ಲಿ ಎಷ್ಟು ಮಂದಿ ಚಿಕಿತ್ಸೆಗೆ ಮರಳಿದರೆಂಬುದೇ ಅದರ ಒರೆಗಲ್ಲು. ಮನೆಯ ಹಿರಿಯರ ಚೀಟಿಯಲ್ಲಿರುವ ಮುಂದಿನ ದಿನಾಂಕವನ್ನು ಓದಿ ನೆನಪಿಸುವ ಮಕ್ಕಳೂ ಈ ಕಾರ್ಯದಲ್ಲಿ ಪಾಲುದಾರರೇ.