ಕಂಬ ಬೇಡ, ಹಳಿ ಬೇಕು: ಮೈಸೂರಿಗೆ ಟ್ರಾಮ್ ಕೇಳುವವರ ಪ್ರಣಾಳಿಕೆ

ಮೈಸೂರು ಇನ್ನೂ ಬೆಂಗಳೂರಾಗಿಲ್ಲ ಎಂದು ಬೀಗುವುದನ್ನು ನಾವು ಮೊದಲು ಬಿಡಬೇಕು. 2011ರ ಜನಗಣತಿಯಲ್ಲಿ ಒಂಬತ್ತು ಲಕ್ಷದ ಆಸುಪಾಸಿನಲ್ಲಿದ್ದ ಊರು ಈಗೆಷ್ಟು ಬೆಳೆದಿದೆ ಎಂದು ತಿಳಿಯಲು ರಿಂಗ್ ರೋಡ್ ದಾಟಿ ಬೋಗಾದಿ, ಹೂಟಗಳ್ಳಿ, ಶ್ರೀರಾಂಪುರದ ಆಚೆ ಸೈಟಿನ ಕಲ್ಲುಗಳು ಎಲ್ಲಿಯವರೆಗೆ ಹೋಗಿವೆ ಎಂದು ನೋಡಿದರೆ ಸಾಕು. ನಮ್ಮಲ್ಲಿ ಬಡಾವಣೆ ಮೊದಲು, ರಸ್ತೆ ಆಮೇಲೆ, ಬಸ್ಸು ಯಾವತ್ತೋ. ಈ ಕ್ರಮವನ್ನು ತಿರುಗಿಸಬೇಕೆಂದೇ ನಾವು ಸೇರಿದ್ದೇವೆ. ಹಳಿ ಮೊದಲು ಬೀಳಲಿ, ಸೈಟು ಆಮೇಲೆ ಹಂಚಲಿ.

ಬೆಂಗಳೂರು ಉಲ್ಟಾ ಮಾಡಿತು. ಅಲ್ಲಿ ಮೊದಲ ಮೆಟ್ರೋ ಓಡಿದ್ದು 2011ರ ಅಕ್ಟೋಬರ್‌ನಲ್ಲಿ, ಊರು ಉಬ್ಬಿ ಮುಗಿದ ಮೇಲೆ. ಆಮೇಲೆ ಮನೆ ಒಡೆದು, ಮರ ಕಡಿದು, ಕಂಬ ನೆಟ್ಟು, ಜನ ವರ್ಷಗಟ್ಟಲೆ ತಗಡಿನ ಬೇಲಿ ಪಕ್ಕ ದೂಳು ಕುಡಿದರು. ಆ ಬೆಲೆ ನಾವು ತೆರಬೇಕಾಗಿಲ್ಲ.

ಬೆಳಗ್ಗೆ ಎಂಟೂವರೆಗೆ ಸಿಟಿ ಬಸ್ ಸ್ಟ್ಯಾಂಡಿಗೆ ಬನ್ನಿ. ಹೂಟಗಳ್ಳಿ ಕಡೆಯ ಬಸ್ಸಿನ ಫುಟ್‌ಬೋರ್ಡಿನ ಮೇಲೆ ಹುಡುಗನ ಒಂದು ಕಾಲು, ಇನ್ನೊಂದು ಗಾಳಿಯಲ್ಲಿ. ಟಿಫನ್ ಡಬ್ಬಿಯ ಬ್ಯಾಗು ಕಿಟಕಿಯೊಳಗೆ ಯಾರದೋ ಮಡಿಲಲ್ಲಿ. ಕಂಡಕ್ಟರ್ 'ಮುಂದೆ ಹೋಗಿ, ಮುಂದೆ ಹೋಗಿ' ಅನ್ನುತ್ತಲೇ ಇರುತ್ತಾರೆ; ಮುಂದೆ ಜಾಗ ಎಲ್ಲಿದೆ? 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಹೆಣ್ಣುಮಕ್ಕಳ ಓಡಾಟ ಹೆಚ್ಚಿತು. ಒಳ್ಳೆಯದೇ ಆಯಿತು. ಬಸ್ಸು ಮಾತ್ರ ಹಿಗ್ಗಲಿಲ್ಲ. ಇನ್ನಷ್ಟು ಬಸ್ಸು ಬೇಕೇ ಬೇಕು, ನಮ್ಮದೇನೂ ತಕರಾರಿಲ್ಲ. ಆದರೆ ಕಾರುಗಳ ಹಿಂದೆ ಸಿಕ್ಕಿಬಿದ್ದ ಹತ್ತು ಬಸ್ಸು, ಸಿಕ್ಕಿಬಿದ್ದ ಐದು ಬಸ್ಸಿಗಿಂತ ಬೇಗ ಊರು ಮುಟ್ಟುವುದಿಲ್ಲ. ಮೂವತ್ತು, ನಲವತ್ತು ಮೀಟರ್ ಉದ್ದದ ಒಂದು ಟ್ರಾಮಿನಲ್ಲಿ ಇನ್ನೂರಕ್ಕೂ ಹೆಚ್ಚು ಜನ ಹಿಡಿಯುತ್ತಾರೆ, ಚಾಲಕ ಒಬ್ಬನೇ. ನೆಲಮಟ್ಟದ ಬಾಗಿಲು, ಮಂಡಿನೋವಿನ ಅಜ್ಜಿಯೂ ಮೆಟ್ಟಿಲು ಹತ್ತಬೇಕಿಲ್ಲ.

ಹಾಗಾದರೆ ಮೆಟ್ರೋನೇ ತರಬಾರದೇಕೆ ಎಂದು ಕೇಳುವವರಿದ್ದಾರೆ. ಮೆಟ್ರೋ ತುಂಬುವಷ್ಟು ಜನ ಮೈಸೂರಿನ ಒಂದೇ ದಾರಿಯಲ್ಲಿ ಹರಿಯುವುದಿಲ್ಲ. ಇಂಥ ಊರುಗಳಿಗೆಂದೇ ಕೇಂದ್ರ ಸರ್ಕಾರ 2019ರಲ್ಲಿ ಮೆಟ್ರೋಲೈಟ್ ಎಂಬ ಮಾದರಿ ಪ್ರಕಟಿಸಿತು. ಹೆಚ್ಚಾಗಿ ನೆಲದ ಮೇಲೇ ಓಡುವ ಇದರ ಖರ್ಚು ಮೆಟ್ರೋದ ಶೇ. 40ರಷ್ಟು ಎಂಬ ಅಂದಾಜು. ಮೆಟ್ರೋ ಬೇಡ ಅನ್ನಲು ಇನ್ನೊಂದು ಕಾರಣವೂ ಇದೆ, ಅದು ಕಣ್ಣಿಗೆ ಸಂಬಂಧಿಸಿದ್ದು: ಕೆ.ಆರ್. ಸರ್ಕಲ್‌ನಲ್ಲಿ ನಿಂತರೆ ಅರಮನೆಯ ಬದಲು ಕಾಂಕ್ರೀಟಿನ ಹೊಟ್ಟೆ ಕಾಣುವ ದಿನ ನಮಗೆ ಬೇಡ.

ಅಂಬಾರಿಯ ಪ್ರಶ್ನೆ ಎಲ್ಲ ಸಭೆಯಲ್ಲೂ ಏಳುತ್ತದೆ. ಸಯ್ಯಾಜಿರಾವ್ ರಸ್ತೆಯ ಮೇಲೆ ವಿದ್ಯುತ್ ತಂತಿ ಎಳೆದರೆ ಜಂಬೂಸವಾರಿ ಹೇಗೆ ಸಾಗಬೇಕು? ತಂತಿಯೇ ಬೇಡ. ಫ್ರಾನ್ಸಿನ ಬೋರ್ಡೋ ನಗರ 2003ರಲ್ಲಿ ಹಳೇ ಪೇಟೆಯ ಅಂದ ಕೆಡಬಾರದೆಂದು ವಿದ್ಯುತ್ತನ್ನು ನೆಲದಲ್ಲೇ ಕೊಟ್ಟಿತು. ಎರಡು ಹಳಿಗಳ ನಡುವೆ ಮೂರನೆಯದೊಂದು ಪಟ್ಟಿ. ಟ್ರಾಮ್ ಮೇಲೆ ಬಂದಾಗ ಮಾತ್ರ ಆ ತುಂಡಿಗೆ ಕರೆಂಟು, ದಾಟಿದ ಮೇಲೆ ಇಲ್ಲ. ಜನ ಅದರ ಮೇಲೆ ನಡೆದಾಡುತ್ತಾರೆ. ನೀಸ್ ನಗರದ ಟ್ರಾಮ್ 2007ರಿಂದ ದೊಡ್ಡ ಚೌಕಗಳನ್ನು ಬ್ಯಾಟರಿಯಲ್ಲೇ ದಾಟುತ್ತಿತ್ತು. ಹಳಿ ಡಾಂಬರಿನ ಮಟ್ಟಕ್ಕೇ ಹುದುಗಿರುವುದರಿಂದ ಆನೆಯ ಕಾಲಿಗೂ ಎಡವಲು ಏನಿಲ್ಲ. ವಿಜಯದಶಮಿ ದಿನ ಟ್ರಾಮ್ ನಿಲ್ಲುತ್ತದೆ, ನಿಲ್ಲಲಿ. ಅವತ್ತು ಅಲ್ಲಿ ಬಸ್ಸೂ ಓಡುವುದಿಲ್ಲ.

ಅಂಗಡಿಯವರ ಭಯ ಇದಕ್ಕಿಂತ ದೊಡ್ಡದು. ಕಾರು ನಿಲ್ಲಿಸಲು ಜಾಗವಿಲ್ಲದಿದ್ದರೆ ಗಿರಾಕಿ ಬರುತ್ತಾನೆಯೇ? ಇದೇ ಮಾತನ್ನು ಫ್ರಾನ್ಸಿನ ಸ್ಟ್ರಾಸ್‌ಬರ್ಗ್ ಪೇಟೆಯವರೂ ಆಡಿದ್ದರು. ರಸ್ತೆ ಕಾರಿಗೇ ಇರಲಿ, ರೈಲು ನೆಲದಡಿ ಹೋಗಲಿ ಎಂಬುದು ಅವರ ವಾದ. ಅಲ್ಲಿ 1989ರ ನಗರಸಭೆ ಚುನಾವಣೆಯೇ ಈ ವಿಷಯದ ಮೇಲೆ ನಡೆಯಿತು. ಟ್ರಾಮ್ ಪರ ನಿಂತ ಕ್ಯಾಥರೀನ್ ಟ್ರಾಟ್‌ಮನ್ ಗೆದ್ದು ಮೇಯರ್ ಆದರು. 1994ರಲ್ಲಿ ಟ್ರಾಮ್ ಓಡಿತು, ಪೇಟೆಯ ನಡುವಿನ ಚೌಕದಿಂದ ಕಾರುಗಳು ಹೊರಬಿದ್ದವು. ವ್ಯಾಪಾರ ಸಾಯಲಿಲ್ಲ. ಗಿರಾಕಿಗೆ ಕಾಲಿದ್ದರೆ ಸಾಕು, ಚಕ್ರ ಇರಲೇಬೇಕೆಂದೇನಿಲ್ಲ.

ನಮ್ಮ ದೇಶಕ್ಕೂ ಟ್ರಾಮ್ ಹೊಸದಲ್ಲ. ಮದ್ರಾಸಿನಲ್ಲಿ 1895ರಲ್ಲಿ ಬಂದದ್ದು 1953ರಲ್ಲಿ ನಿಂತಿತು, ಮುಂಬಯಿಯದು 1964ರಲ್ಲಿ. ಕಲ್ಕತ್ತೆಯಲ್ಲಿ ಟ್ರಾಮಿಗೆ ವಿದ್ಯುತ್ ಬಂದ 1902ರಲ್ಲೇ ನಮ್ಮ ಶಿವನಸಮುದ್ರದಲ್ಲಿ ವಿದ್ಯುತ್ ಹುಟ್ಟಿತು. ಅದು ಟ್ರಾಮಿಗಲ್ಲ, ಕೋಲಾರದ ಚಿನ್ನದ ಗಣಿಗೆ ಹೋಯಿತು. ಕಲ್ಕತ್ತೆಯ ಅನುಭವದಿಂದ ಕಲಿಯಬೇಕಾದ್ದು ಒಂದಿದೆ. ಅಲ್ಲಿ ಬಹಳ ಕಡೆ ಹಳಿಯ ಮೇಲೆ ಕಾರು ಬಿಟ್ಟರು, ಆಮೇಲೆ ಟ್ರಾಫಿಕ್ಕಿಗೆ ಟ್ರಾಮೇ ಕಾರಣ ಎಂದರು. ಆದ್ದರಿಂದ ಹಳಿಗೆ ಪ್ರತ್ಯೇಕ ಪಥ ಇರಲೇಬೇಕು, ಸಿಗ್ನಲ್‌ನಲ್ಲಿ ಮೊದಲ ದಾರಿ ಟ್ರಾಮಿಗೆ. ಹುಬ್ಬಳ್ಳಿ–ಧಾರವಾಡದವರು ಚಿಗರಿ ಬಸ್ಸಿಗೆ ಪಥ ಬಿಡಿಸಿಕೊಟ್ಟು ಇದು ನಮ್ಮ ರಾಜ್ಯದಲ್ಲೂ ಆಗುವ ಕೆಲಸವೆಂದು ತೋರಿಸಿದ್ದಾರೆ. ಇದರಲ್ಲಿ ನಾವು ರಾಜಿಯಾಗುವುದಿಲ್ಲ.

ಸದ್ಯಕ್ಕೆ ನಾವು ಕೇಳುವುದು ಎರಡು ಮಾರ್ಗ. ಹೂಟಗಳ್ಳಿಯಿಂದ ಹಿನಕಲ್, ಹುಣಸೂರು ರಸ್ತೆ, ರೈಲ್ವೆ ನಿಲ್ದಾಣ, ಇರ್ವಿನ್ ರಸ್ತೆ ಹಿಡಿದು ಸಬರ್ಬನ್ ಬಸ್ ಸ್ಟ್ಯಾಂಡಿಗೆ ಒಂದು. ಬನ್ನಿಮಂಟಪದಿಂದ ಸಯ್ಯಾಜಿರಾವ್ ರಸ್ತೆ, ಕೆ.ಆರ್. ಆಸ್ಪತ್ರೆ, ಕೆ.ಆರ್. ಸರ್ಕಲ್ ಮೂಲಕ ಕುವೆಂಪುನಗರ, ಶ್ರೀರಾಂಪುರಕ್ಕೆ ಇನ್ನೊಂದು. ರಿಂಗ್ ರೋಡ್ ಆಚೆ ಯಾವ ಹೊಸ ಬಡಾವಣೆಗೆ ಅನುಮತಿ ಕೊಟ್ಟರೂ ನಕ್ಷೆಯಲ್ಲಿ ಹಳಿಗೆ ಜಾಗ ಬಿಟ್ಟಿರಬೇಕು.

ಹಣ? ಟಿಕೆಟ್ ದುಡ್ಡಿನಲ್ಲಿ ಟ್ರಾಮ್ ಕಟ್ಟಲಾಗುವುದಿಲ್ಲ, ಆಗುತ್ತದೆಂದು ನಾವು ಸುಳ್ಳು ಹೇಳುವುದೂ ಇಲ್ಲ. ಫ್ರಾನ್ಸಿನಲ್ಲಿ ಕಂಪನಿಗಳು ನೌಕರರ ಸಂಬಳದ ಮೊತ್ತದ ಮೇಲೆ ಸಾರಿಗೆ ತೆರಿಗೆ ಕಟ್ಟುತ್ತವೆ. ಇಲ್ಲಿ ಹಳಿ ಹೋದ ಕಡೆ ಸೈಟಿನ ಬೆಲೆ ಏರುವುದು ಖಂಡಿತ. ಆ ಏರಿಕೆಯಲ್ಲಿ ಒಂದು ಪಾಲು ಊರಿಗೆ ಬರಲಿ.

ನಮ್ಮ ಗುಂಪಿಗೆ ಇನ್ನೂ ಹೆಸರಿಟ್ಟಿಲ್ಲ, ಅದಕ್ಕೆ ಅವಸರವೂ ಇಲ್ಲ. ಆಗಬೇಕಾದ ಕೆಲಸ ಬೇರೆ. ನಗರದ ಮುಂದಿನ ಮಹಾಯೋಜನೆಯ ಕರಡು ಹೊರಬಿದ್ದಾಗ ಸಾರ್ವಜನಿಕರಿಂದ ಆಕ್ಷೇಪಣೆ, ಸಲಹೆ ಕರೆಯುತ್ತಾರೆ. ಆಗ ಪ್ರತಿ ಮನೆಯಿಂದ ಒಂದು ಅರ್ಜಿ ಹೋಗಲಿ. ನಿಮ್ಮ ಬಡಾವಣೆಯ ಹೆಸರು ಬರೆಯಿರಿ, ದಿನಾ ಎಲ್ಲಿಗೆ ಹೋಗುತ್ತೀರಿ ಬರೆಯಿರಿ, ಕೆಳಗೆ 'ನಮ್ಮ ರಸ್ತೆಯಲ್ಲಿ ಟ್ರಾಮಿಗೆ ಜಾಗ ಬಿಡಿ' ಎಂದು ಸೇರಿಸಿ, ಸಹಿ ಹಾಕಿ ಕೊಟ್ಟು ಸ್ವೀಕೃತಿ ಪಡೆದು ಬನ್ನಿ.